ದೊಡ್ಡವ್ವನ ಲಿವರ್ರು, ನನ್ನ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಕಷ್ಟ ತಪ್ಪುತ್ತದೆ. ನಮ್ಮ ದೊಡ್ಡವ್ವನ ಲಿವರ್ರು ಕೆಟ್ಟದ್ದರಲ್ಲಿ ನನ್ನ ಬಾಯಿಯ ಪಾಲು ದೊಡ್ಡದು. ನಾನೇನೂ ವಿಷ ಹಾಕಲಿಲ್ಲ; ಎರಡು ದನಿ ತೆಗೆದೆ, ಅಷ್ಟೆ. ಒಂದು ದನಿಯಲ್ಲಿ ಅವಳನ್ನು ಬೀಗರ ಮುಂದೆ ಕುಡುಕಿ ಮಾಡಿದೆ. ಇನ್ನೊಂದು ದನಿಯಲ್ಲಿ ಅವಳಿಗೆ ಸಂತೆಯ ಪುಡಿಯನ್ನು ನಂಬಿಸಿದೆ. ಆಗ ನನಗೆ ಹದಿನಾಲ್ಕು. ನನ್ನ ಸ್ವಂತ ದನಿ ಗಾಳಿ ಎಳೆದ ಪಂಪ್‌ಸೆಟ್ಟಿನಂತೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತಿದ್ದುದರಿಂದ ಅದನ್ನು ಮೂಲೆಗಿಟ್ಟು ಊರವರದ್ದನ್ನೆಲ್ಲ ಎರವಲು ತಂದು ಮಾತಾಡುತ್ತಿದ್ದೆ. ಹೆಡ್‌ಮಾಸ್ತರರ ಕೆಮ್ಮು, ಬಸ್ಸಿನ ಕಂಡಕ್ಟರನ ಮೂಗು, ಡೇರಿ ಸೆಕ್ರೆಟರಿಯ ಸುಳ್ಳು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು.

ಪಾಂಡವಪುರದಿಂದ ಆಚೆ, ನಾಲೆಯ ಪಕ್ಕದಲ್ಲಿ ನಮ್ಮ ಮನೆ. ದೊಡ್ಡಪ್ಪ, ಅಪ್ಪ ಇಬ್ಬರ ಸಂಸಾರಕ್ಕೂ ಒಂದೇ ಒಲೆ. ಕೊಟ್ಟಿಗೆ ನಮ್ಮವ್ವನದು, ಅಡುಗೆಮನೆ ದೊಡ್ಡವ್ವನದು. ಅಡುಗೆಮನೆಯ ಹಿಂದೆ ಬಚ್ಚಲು, ಬಚ್ಚಲಲ್ಲಿ ಹಂಡೆ, ಹಂಡೆಯ ಹಿಂದಿನ ಗೂಡಿನಲ್ಲಿ ಒಂದು ಹರಳೆಣ್ಣೆ ಸೀಸೆ. ಆ ಸೀಸೆಗೆ ನಾವು ಮಕ್ಕಳು ಹೆದರಿದಷ್ಟು ಯಾವ ದೇವರಿಗೂ ಹೆದರಿದವರಲ್ಲ. ಹಬ್ಬ ಮುಗಿದು ಮುಂದಿನ ಭಾನುವಾರ ಬಂತೆಂದರೆ ದೊಡ್ಡವ್ವ ಬೆಳಗಿನ ಜಾವಕ್ಕೇ ನಮ್ಮನ್ನು ಹಿತ್ತಿಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಳು. ಬಿಸಿ ಕಾಫಿಯ ಮೇಲೆ ತೇಲುವ ಎಣ್ಣೆ, ಒಂದೇ ಗುಟುಕಿಗೆ ಒಳಗೆ ಹೋಗಬೇಕು.

"ದಿನಾ ಚೊಂಬು ಬೆಳಗ್ತೀವಿ, ಒಟ್ಟೆ ಬೆಳಗ್ಬ್ಯಾಡ್ವಾ? ಮೂಗ್ ಮುಚ್ಕೊ, ಕಣ್ ಮುಚ್ಕೊ, ಬಾಯ್ ಮಾತ್ರ ತಗೀಲಾ!"

ಆಮೇಲಿನದು ಹೇಳುವುದು ಬೇಡ. ಮನೆಗೆ ಕಕ್ಕಸು ಒಂದೇ, ಹೊಟ್ಟೆಗಳು ಐದು, ಉಳಿದವರಿಗೆ ಕಬ್ಬಿನ ಗದ್ದೆ. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೆಣಸಿನ ಸಾರು ಹಾಕಿ ಕೊಡುತ್ತಿದ್ದಳು. ಸುಸ್ತಾದ ನಾಲಿಗೆಗೆ ಅಷ್ಟು ರುಚಿಯಾದದ್ದನ್ನು ನಾನು ಇವತ್ತಿನವರೆಗೆ ಉಂಡಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ನನ್ನ ಕಾರ್ಯಕ್ರಮ: ಎಣ್ಣೆ ಕುಡಿಯುವಾಗ ಯಾರ ಮುಖ ಹೇಗಾಯಿತು. ದೊಡ್ಡವ್ವನ ಮಗಳು ಸುಧಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ನನ್ನ ಮೊದಲನೆಯ ಅಭಿಮಾನಿ. ಅವಳು ನಕ್ಕರೆ ಆಟ ಗೆದ್ದಂತೆ ಎಂದು ನಾನು ಕಲಿತದ್ದು ಆ ಜಗಲಿಯ ಮೇಲೇ.

ಮನೆಮಂದಿಯ ಹೊಟ್ಟೆಯನ್ನೆಲ್ಲ ಬೆಳಗಿದ ದೊಡ್ಡವ್ವ ತನ್ನ ಹೊಟ್ಟೆಗೆ ಏನು ಹಾಕುತ್ತಿದ್ದಳೆಂದು ಯಾರೂ ನೋಡಿರಲಿಲ್ಲ. ನಮ್ಮ ಕಡೆ ಆಲೆಮನೆಗೆ ಬರವಿಲ್ಲ, ಬೆಲ್ಲಕ್ಕೆ ಲೆಕ್ಕವಿಲ್ಲ. ಅವಳ ಟೀ ಪಾನಕದಷ್ಟು ಸಿಹಿ, ಅದೂ ದಿನಕ್ಕೆ ಐದಾರು ಸಲ. ಎಲ್ಲರೂ ಉಂಡಾದ ಮೇಲೆ ಮಿಕ್ಕಿದ್ದೆಲ್ಲ ಅವಳ ತಟ್ಟೆಗೆ: ನಾವು ಬಿಟ್ಟ ಅರ್ಧ ಮುದ್ದೆ, ಪಾತ್ರೆಯ ತಳದ ಅನ್ನ, ಹಬ್ಬ ಕಳೆದು ನಾಲ್ಕು ದಿನವಾದ ಕಜ್ಜಾಯ. ಅನ್ನ ಚೆಲ್ಲಬಾರದು ಎಂಬ ಒಂದೇ ವ್ರತ ಅವಳಿಗೆ. ಸುಧಕ್ಕನ ಮದುವೆ ಗೊತ್ತಾದ ಹೊತ್ತಿಗೆ ಅವಳಿಗೆ ಬಲಗಡೆ ಪಕ್ಕೆಯ ಕೆಳಗೆ ಒಂದು ಭಾರ, ಮಧ್ಯಾಹ್ನವಾದರೆ ಸಾಕು ಸುಸ್ತು. ಪಾಂಡವಪುರದ ಡಾಕ್ಟರ ಹತ್ತಿರ ಹೋಗುವಾಗ, ಚೀಟಿ ಓದಲು ಬರುತ್ತದೆಂದು ನನ್ನನ್ನು ಕರೆದುಕೊಂಡು ಹೋದಳು. ಸ್ಕ್ಯಾನಿಂಗ್ ಆಯಿತು. ಡಾಕ್ಟರು ಮೈಸೂರಿನವರು, ಪ್ರತಿ ಮಾತಿಗೂ ಕನ್ನಡಕ ತೆಗೆದು ಹಾಕುವ ಅಭ್ಯಾಸ. ನಾನು ಅದನ್ನು ಆಗಲೇ ಒಳಗೆ ಇಳಿಸಿಕೊಳ್ಳುತ್ತಿದ್ದೆ.

"ನೋಡಿ ತಾಯಿ, ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ. ಗಾಬರಿ ಬೇಡ."

"ಅದು ಕುಡ್ಯೋರ್ಗೆ ಬರೋದಲ್ವಾ ಸ್ವಾಮಿ? ನಾನು ದೇವ್ರ ತೀರ್ಥ ಬುಟ್ರೆ ಬೇರೆ ಕುಡ್ದೋಳಲ್ಲ."

"ಕುಡಿಯದವರಿಗೂ ಬರುತ್ತೆ. ಸಿಹಿ ಜಾಸ್ತಿಯಾಗಿ ನಡಿಗೆ ಕಮ್ಮಿಯಾದರೆ ಬರುತ್ತೆ."

"ನಡಿಗೆ ಕಮ್ಮಿಯಾ? ಎದ್ದಾಗಿಂದ ಮಲ್ಗೋಗಂಟ ನಿಂತೇ ಇರ್ತೀನಲ್ಲ ನಾನು!"

"ನಿಂತಿರ್ತೀರಿ ತಾಯಿ, ನಡೆಯಲ್ಲ."

"ಅಂಗಾರೆ ತೊಳ್ಯಕ್ಕೆ ಏನಾರ ಕೊಡಿ ಸ್ವಾಮಿ. ಒಂದ್ಸಲಿ ತೊಳ್ದುಬುಟ್ರೆ ಸರಿಯೋಯ್ತದೆ."

ಡಾಕ್ಟರು ಕನ್ನಡಕ ತೆಗೆದರು.

"ತೊಳೆಯೋದೇ ಅದರ ಕೆಲಸ. ಇಡೀ ಮೈಯನ್ನ ಅದೇ ದಿನಾ ತೊಳೀತಾ ಇದೆ. ಮನೇಲಿ ಪಾತ್ರೆ ತೊಳೆಯೋರನ್ನೇ ಕಲ್ಲಿನ ಮೇಲೆ ಹಾಕಿ ಉಜ್ಜೋಕಾಗುತ್ತಾ? ಅದಕ್ಕೆ ಹೊರೆ ಕಮ್ಮಿ ಮಾಡಿ, ತಾನೇ ಸುಧಾರಿಸ್ಕೊಳ್ಳುತ್ತೆ. ಬೆಲ್ಲ ಕಮ್ಮಿ ಮಾಡಿ, ಮಿಕ್ಕಿದ್ದನ್ನ ಹಸುವಿಗೆ ಹಾಕಿ, ದಿನಾ ಮುಕ್ಕಾಲು ಗಂಟೆ ಬೀಸಾಗಿ ನಡೀರಿ. ಮೂರು ತಿಂಗಳು ಬಿಟ್ಟು ಬನ್ನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಡಿಸಿದಳು. ಅದು ಲಂಚವೆಂದು ಮೊದಲನೆಯ ತುಂಡಿಗೇ ಗೊತ್ತಾಯಿತು.

"ಯಾರ್ಗೂ ಏಳ್ಬ್ಯಾಡ ಕಣ್ ಮಗ. ಲಿವರ್ರು ಅಂದ್ರೆ ಜನ ಬ್ಯಾರೆ ತಿಳ್ಕತಾರೆ. ಸುಧಂದು ಮದ್ವೆಯಾಗಿ, ಅವ್ಳ್ದೊಂದು ಬಾಣಂತನ ಮಾಡ್ಬುಟ್ರೆ ಸಾಕು ನಂಗೆ."

"ಇಲ್ಲ ದೊಡ್ಡವ್ವ, ದೇವ್ರಾಣೆ," ಎಂದೆ. ಬಾಯಿ ತುಂಬ ಸೌತೆಕಾಯಿ ಇತ್ತು.

ಅವಳು ಡಾಕ್ಟರು ಹೇಳಿದಂತೆ ನಡೆದಳು, ಅಕ್ಷರಶಃ. ಬೆಳಿಗ್ಗೆ ನಾಲೆ ಏರಿಯ ಮೇಲೆ ಹೊರಡುವಾಗ ಕಂಕುಳಲ್ಲಿ ಚೀಲ, ಕೈಯಲ್ಲಿ ಕುಡುಗೋಲು. ಸುಮ್ಮನೆ ನಡೆಯುವ ಹೆಂಗಸನ್ನು ನಮ್ಮೂರು ಕಂಡಿರಲಿಲ್ಲ. ಕುಡುಗೋಲು ಇದ್ದರೆ ಹುಲ್ಲಿಗೆ ಹೊರಟಳು ಎಂದುಕೊಳ್ಳುತ್ತಾರೆ. ಹೋಗಿ ಬರುವಷ್ಟರಲ್ಲಿ ನಾಲ್ಕು ಹಿಡಿ ಹುಲ್ಲು, ಮೈತುಂಬ ಬೆವರು. ಟೀಗೆ ಬೆಲ್ಲ ಬಿಟ್ಟಳು. ಮುಖ ಹಗುರವಾಯಿತು. ಪಕ್ಕೆಯ ಭಾರ ಇಳಿದಿದೆ ಎಂದು ನನಗೊಬ್ಬನಿಗೇ ಗುಟ್ಟಾಗಿ ಹೇಳಿದಳು. ಇನ್ನು ಸ್ವಲ್ಪ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸುಧಕ್ಕನನ್ನು ಕೊಟ್ಟದ್ದು ಕೆ.ಆರ್. ಪೇಟೆ ಕಡೆ, ಮಾಕವಳ್ಳಿ ಹತ್ತಿರದ ಊರಿಗೆ. ಮದುವೆಯಾಗಿ ಮೂರನೇ ದಿನ ಅವರ ಮನೆಯಲ್ಲಿ ಬೀಗರೂಟ. ಶಾಮಿಯಾನದ ಕೆಳಗೆ ಎಲೆ ಹಾಕಿ ಮುದ್ದೆ, ಬೋಟಿ ಗೊಜ್ಜು, ಲಿವರ್ ಫ್ರೈ. ಗಂಡಿನ ಕಡೆಯವರಿಗೆ ನನ್ನ ಕೀರ್ತಿ ಮೊದಲೇ ತಲುಪಿತ್ತು. ಭಾವನ ಚಿಕ್ಕಪ್ಪ ಎದ್ದುನಿಂತು, "ಎಲ್ಲಿ, ಎಲ್ಲಾರ್ ತರಾನೂ ಮಾತಾಡ್ತಾನಂತಲ್ಲ ಆ ಹೈದ? ಆಡ್ಲಾ ನೋಡವ," ಎಂದರು. ಆಡಿದೆ. ಕಂಡಕ್ಟರಾದೆ, ಹೆಡ್‌ಮಾಸ್ತರಾದೆ, ಮದುವೆ ಮಾಡಿಸಿದ ಪುರೋಹಿತರಾದೆ. ಜನ ಎಲೆ ಬಿಟ್ಟು ನಗುತ್ತಿದ್ದರು. ನಗು ಸ್ವಲ್ಪ ಇಳಿಯಿತೆನ್ನಿಸಿದಾಗ ನನ್ನ ಕೈ ತಾನಾಗಿ ಎಲೆಯಿಂದ ಒಂದು ಲಿವರ್ ತುಂಡನ್ನೆತ್ತಿಕೊಂಡಿತು, ಇನ್ನೊಂದು ಕೈ ಇಲ್ಲದ ಕನ್ನಡಕವನ್ನು ತೆಗೆಯಿತು.

"ನೋಡಿ ತಾಯಿ, ನಿಮ್ಮ ಲಿವರ್ ಹೀಗಿದೆ. ಬರೀ ಕೊಬ್ಬು!"

ಆಮೇಲೆ ದೊಡ್ಡವ್ವನಾದೆ. ಸೆರಗು ಹೊದ್ದಂತೆ ಟವಲು ಹೊದ್ದು, ಕಾಲು ತಡವರಿಸುತ್ತ, ನಾಲಿಗೆ ದಪ್ಪ ಮಾಡಿಕೊಂಡು, "ನಾನು ತೀರ್ಥ ಬುಟ್ರೆ ಬ್ಯಾರೆ ಕುಡ್ದೋಳಲ್ಲ ಸ್ವಾಮೀ" ಎಂದು ತೇಗಿದೆ. ಆವತ್ತಿನಷ್ಟು ದೊಡ್ಡ ನಗು ನನಗೆ ಆಮೇಲೆ ಯಾವ ಸ್ಟೇಜಿನಲ್ಲೂ ಸಿಕ್ಕಿಲ್ಲ. ನಗದೇ ಇದ್ದವಳು ಒಬ್ಬಳೇ, ಸುಧಕ್ಕ. ದೊಡ್ಡವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ನಗು ನಿಂತಾಗ ಭಾವನ ಸೋದರತ್ತೆ ಮುದ್ದೆ ಮುರಿಯುತ್ತ ಕೇಳಿದರು:

"ನಿಜ್ವಾಗ್ಲೂವಾ ಬೀಗ್ತಿ? ಕುಡೀದೆ ಲಿವರ್ ಯಾಕೆ ಕೆಟ್ಟಾತು? ಬೇಜಾರ್ ಮಾಡ್ಕೊಬ್ಯಾಡಿ, ತಮಾಸೆಗೆ ಕೇಳ್ದೆ."

"ಐಕ್ಳಾಟ ಬುಡಿ ಬೀಗ್ತಿ," ಎಂದು ದೊಡ್ಡವ್ವ ಎದ್ದು ಕೈ ತೊಳೆದಳು. ಅವಳ ಎಲೆಯಲ್ಲಿ ಮುದ್ದೆ ಮುಟ್ಟಿದ್ದೇ ಇರಲಿಲ್ಲ. ಅನ್ನ ಬಿಟ್ಟೆದ್ದ ದೊಡ್ಡವ್ವನನ್ನು ನಾನು ನೋಡಿದ್ದು ಅದೊಂದೇ ಸಲ.

ವಾರದೊಳಗೆ ಮಾತು ನಮ್ಮೂರಿಗೂ ಬಂತು: ಸುಧನ ಅವ್ವನಿಗೆ ಲಿವರ್ ಹೋಗಿದೆಯಂತೆ, ಗುಟ್ಟಾಗಿ ತಗೋತಾಳಂತೆ. ವಾರಕ್ಕೆರಡು ಸಲ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಕ್ವಾರ್ಟರ್ ಹಾಕಿ ಬರುವ ದೊಡ್ಡಪ್ಪನ ಲಿವರ್ರಿನ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ದೊಡ್ಡವ್ವ ನಾಲೆ ಏರಿಯ ನಡಿಗೆ ನಿಲ್ಲಿಸಿದಳು. ನಡೆದರೆ ಕಾಯಿಲೆಯನ್ನು ಒಪ್ಪಿಕೊಂಡಂತೆ. ಮೂರು ತಿಂಗಳಿಗೆ ಹೋಗಬೇಕಾದ ಡಾಕ್ಟರ ಹತ್ತಿರ ಹೋಗಲಿಲ್ಲ. ಸ್ಕ್ಯಾನಿಂಗ್ ಹಾಳೆಯನ್ನು ರಾಗಿ ಡಬ್ಬದ ತಳಕ್ಕೆ ಸೇರಿಸಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನೂ ಜಗಲಿಯ ಮೇಲೆ ಆಡಿ ತೋರಿಸಿ ನಿರಾಳವಾಗುತ್ತಿದ್ದೆನೇನೋ.

ಬೈಯದೆ ಇದ್ದದ್ದಕ್ಕೆ ನನಗೇ ತಡೆಯಲಾಗದೆ ಅವಳನ್ನು ಹೇಗಾದರೂ ನಗಿಸಬೇಕೆಂದು ಹೊರಟೆ. ಆ ದಿನಗಳಲ್ಲಿ ಪಾಂಡವಪುರದ ಸಂತೆಗೆ ಒಂದು ವ್ಯಾನು ಬರುತ್ತಿತ್ತು, ಮೇಲೆ ಮೈಕು, ಒಳಗೆ ಪುಡಿಯ ಹಸಿರು ಪೊಟ್ಟಣ. ಅದನ್ನು ಮಾರುವವನ ದನಿ ಅಂದರೆ ದನಿ. ಎದೆಯಿಂದ ಎದ್ದು ಮೂಗಿನಲ್ಲಿ ಒಂದು ಸುತ್ತು ಹೊಡೆದು ಬರುತ್ತಿತ್ತು. ಸಂಜೆ ಒಲೆ ಊದುತ್ತಿದ್ದ ದೊಡ್ಡವ್ವನ ಮುಂದೆ ಚೊಂಬನ್ನು ಮೈಕು ಮಾಡಿಕೊಂಡು ನಿಂತೆ.

"ಬನ್ನಿ ಅಮ್ಮಂದಿರೇ, ಬನ್ನಿ ಅಕ್ಕಂದಿರೇ! ಲಿವರ್ ಒಳಗಿನ ಹಳೇ ಕೊಳೆ, ಹಳೇ ಕೊಬ್ಬು, ಹಳೇ ಪಿತ್ತ, ನಲವತ್ತೆಂಟೇ ದಿನದಲ್ಲಿ ತೊಳೆದು ಆಚೆಗೆ! ಮೂತ್ರ ಹಳದಿಯಾದರೆ ಗಾಬರಿಯಾಗಬೇಡಿ, ಕೊಳೆ ಹೊರಟಿದೆ ಎಂದು ಸಂತೋಷಪಡಿ!"

ಅವಳು ನಗಲಿಲ್ಲ. ಊದುಗೊಳವೆಯನ್ನು ಕೆಳಗಿಟ್ಟಳು.

"ಇನ್ನೊಂದ್ಸಲಿ ಏಳ್ಲಾ."

ಹೇಳಿದೆ. ಮೂರು ಸಲ ಹೇಳಿಸಿದಳು. ಕಲಾವಿದನಿಗೆ ಒನ್ಸ್‌ಮೋರ್ ಬಂತೆಂದು ನಾನು ಉಬ್ಬಿಹೋದೆ. ಮುಂದಿನ ಸಂತೆಗೆ ನನ್ನನ್ನೇ ಕಳಿಸಿದಳು, ಯಾರಿಗೂ ಹೇಳಬೇಡ ಎಂದು ಈ ಸಲ ಹೇಳಲೂ ಇಲ್ಲ. ಪೊಟ್ಟಣದ ಮೇಲೆ ಒಂದು ಎಲೆಯ ಚಿತ್ರ ಬಿಟ್ಟರೆ ಒಳಗೇನಿದೆ ಎಂಬುದಕ್ಕೆ ಒಂದಕ್ಷರವಿರಲಿಲ್ಲ. ಚೀಟಿ ಓದಲು ಬರುವ ಹುಡುಗ ನಾನು, ಅದನ್ನು ನೋಡಿಯೂ ತಂದೆ. ಒಂದು ಮುಗಿಯಿತು, ಎರಡನೆಯದು ತಂದೆ, ಮೂರನೆಯದೂ ತಂದೆ. ಹಂಡೆಯ ಹಿಂದೆ, ಹರಳೆಣ್ಣೆ ಸೀಸೆಯ ಪಕ್ಕದಲ್ಲೇ ಇಟ್ಟುಕೊಂಡು ಬೆಳಿಗ್ಗೆ ಸಂಜೆ ಬಿಸಿನೀರಿಗೆ ಕಲಸಿ ಕುಡಿಯುತ್ತಿದ್ದಳು. ಮೂಗು ಮುಚ್ಚಿ, ಕಣ್ಣು ಮುಚ್ಚಿ, ನಮಗೆ ಹೇಳಿಕೊಡುತ್ತಿದ್ದಂತೆಯೇ.

ಆ ಹೊತ್ತಿಗೆ ಸುಧಕ್ಕ ಬಸುರಿ. ಮೊದಲ ಹೆರಿಗೆ ತವರಿನಲ್ಲಿ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವ್ವ ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿದಳು, ಹಗ್ಗದ ಮಂಚ ಬಿಗಿ ಮಾಡಿಸಿದಳು, ಹಳೇ ಸೀರೆಗಳನ್ನು ಒಗೆದು ಮೆತ್ತಗಿನವನ್ನು ಆರಿಸಿ ಮಡಿಸಿಟ್ಟಳು, ಬಾಣಂತಿ ಖಾರಕ್ಕೆ ಮೆಣಸು ಶುಂಠಿ ಕೂಡಿಸಿದಳು. ಮಗುವಿಗೆ ಮೊದಲ ಎಣ್ಣೆ ನೀರು ತಾನೇ ಹಾಕಬೇಕು. ಅಷ್ಟರೊಳಗೆ ಲಿವರ್ರು ಕನ್ನಡಿಯ ಹಾಗೆ ಆಗಿಬಿಟ್ಟರೆ ಸ್ಕ್ಯಾನಿಂಗ್ ಮಾಡಿಸಿ ಆ ಹಾಳೆಯನ್ನು ಬೀಗ್ತಿಯ ಮುಂದೆ ಹಿಡಿಯಬಹುದು: ಇದು ಅವಳ ಲೆಕ್ಕಾಚಾರ. ಊಟ ಸೇರದಾಯಿತು, ಮೈ ತುರಿಸತೊಡಗಿತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವಳು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು:

"ಅಳದಿ ಓಗ್ತಾ ಅದೆ ಕಣ್ಲಾ. ಆ ವ್ಯಾನಿನೋನು ಅದುಕ್ಕೇನೋ ಅಂದಿದ್ನಲ್ಲ, ಏನಂದಿದ್ದ?"

ಗೊತ್ತಿಲ್ಲ ಎನ್ನಬಹುದಿತ್ತು. ಡಾಕ್ಟರಿಗೆ ತೋರಿಸೋಣ ಎನ್ನಬಹುದಿತ್ತು. ನಾನು ಚೊಂಬೆತ್ತಿಕೊಂಡೆ. "ಕೊಳೆ ಹೊರಟಿದೆ ಎಂದು ಸಂತೋಷಪಡಿ!" ಎಂದು ಮೂಗಿನಲ್ಲಿ ಒಂದು ಸುತ್ತು ಹೊಡೆಸಿ ಹೇಳಿದೆ. ಅವಳು ನಿಜಕ್ಕೂ ಸಂತೋಷಪಟ್ಟಳು. ಅವತ್ತಿನಿಂದ ಒಂದು ಚಮಚದ ಜಾಗದಲ್ಲಿ ಎರಡು.

ಸೀಮಂತ ಮುಗಿಸಿಕೊಂಡು ಸುಧಕ್ಕ ತವರಿಗೆ ಬಂದ ದಿನ ದೊಡ್ಡವ್ವ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅಡುಗೆಮನೆಯ ಮಬ್ಬಿನಲ್ಲಿ ನಮಗೆ ಯಾರಿಗೂ ಕಾಣದ್ದು ಬಿಸಿಲಿನಲ್ಲಿ ನಿಂತ ಸುಧಕ್ಕನಿಗೆ ಕಂಡಿತು.

"ಅವ್ವಾ, ನಿನ್ ಕಣ್ಣು! ಅರಿಶ್ಣ ಆಗೋಗಿದ್ದಾವಲ್ಲವ್ವಾ!"

ಆರತಿ ಎತ್ತಲಿಲ್ಲ. ಬಂದ ಕಾರಿನಲ್ಲೇ ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ. ಹೊಳೆ ಬಂದಾಗ ದೊಡ್ಡವ್ವ ಕಾರಿನೊಳಗಿಂದಲೇ ಕೈ ಮುಗಿದಳು. ಆ ಕೈಯ ಅಂಗೈಯೂ ಹಳದಿಯಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಒಂದೇ ಪ್ರಶ್ನೆಯನ್ನು ತಿರುತಿರುಗಿಸಿ ಕೇಳಿದರು: ಏನು ತಗೊಂಡ್ರಿ, ಎಷ್ಟು ದಿನ, ಯಾರು ಕೊಟ್ಟರು? ನಾನು ಮಂಚದ ಕಾಲ ಕಡೆ ನಿಂತಿದ್ದೆ. ಗಂಟಲಲ್ಲಿ ಬಾಡಿಗೆಗಿದ್ದವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ದೊಡ್ಡವ್ವ ಒಮ್ಮೆ ನನ್ನ ಕಡೆ ನೋಡಿ, ಗೋಡೆಯ ಕಡೆ ತಿರುಗಿ ಹೇಳಿದಳು:

"ನಾನೇ ಸಂತೇಲಿ ತಂದೆ ಸ್ವಾಮಿ. ಮನೇಲ್ ಯಾರ್ಗೂ ಗೊತ್ತಿಲ್ಲ."

ಅದು ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಸುಳ್ಳು ಹೇಳಿದಳು, ಇನ್ನೊಬ್ಬ ಸುಮ್ಮನಿದ್ದ.

ಅವಳು ಉಳಿದಳು. ಲಿವರ್ರು ತಾಳ್ಮೆಯ ಅಂಗ, ಆ ಪುಡಿ ನಿಂತದ್ದಕ್ಕೇ ಚೇತರಿಸಿಕೊಳ್ಳುತ್ತಿದೆ, ಆದರೆ ಹಿಂದಿನ ಹಾಗೆ ಪೂರ್ತಿ ಆಗಲಿಕ್ಕಿಲ್ಲ ಎಂದರು ಡಾಕ್ಟರು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ತಿಂಗಳುಗಳು ಹೋದವು. ಒಬ್ಬಳನ್ನು ನೋಡಿಕೊಳ್ಳುವುದರಲ್ಲೇ ನಮ್ಮವ್ವ ಬಸವಳಿದಿದ್ದಳು. ಬಸುರಿಯನ್ನು ಇಟ್ಟುಕೊಳ್ಳುವುದು ಹೇಗೆ? ಬೀಗರು ಬಂದು ಸುಧಕ್ಕನನ್ನು ಕರೆದುಕೊಂಡು ಹೋದರು. ಸುಣ್ಣ ಬಳಿದ ಕೋಣೆಯಲ್ಲಿ ಆ ವರ್ಷ ಹುರುಳಿ ಮೂಟೆ ಒಟ್ಟಿದೆವು. ಮಗು ಬೀಗರ ಮನೆಯಲ್ಲೇ ಹುಟ್ಟಿತು, ಹೆಣ್ಣು. ಮೊದಲ ಎಣ್ಣೆ ನೀರು ಹಾಕಿದ್ದು ಭಾವನ ಸೋದರತ್ತೆ, ಬೀಗರೂಟದಲ್ಲಿ ಪ್ರಶ್ನೆ ಕೇಳಿದ್ದವರೇ. ದೊಡ್ಡವ್ವ ಆ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ಅದು ಹೊಸ ಮುಖ ಕಂಡರೆ ಅಳುವಷ್ಟು ದೊಡ್ಡದಾಗಿತ್ತು. ಅತ್ತಿತು. ವಾಪಸ್ಸು ಕೊಟ್ಟುಬಿಟ್ಟಳು. ಮಡಿಸಿಟ್ಟಿದ್ದ ಹಳೇ ಸೀರೆಗಳನ್ನು ಕರು ಒರೆಸಲು ಕೊಟ್ಟಿಗೆಗೆ ಹಾಕಿದಳು.

ಈಗ ನಾನು ಹಗಲು ಡೇರಿಯಲ್ಲಿ ಹಾಲಿನ ಫ್ಯಾಟು ನೋಡುತ್ತೇನೆ, ಮದುವೆ ಕಾಲದಲ್ಲಿ ನಾಗಮಂಗಲ, ಕೆ.ಆರ್. ಪೇಟೆ ಛತ್ರಗಳ ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾ ನಡುವೆ ಮಿಮಿಕ್ರಿ ಮಾಡುತ್ತೇನೆ. ಕನ್ನಡಕ ತೆಗೆಯುವ ಡಾಕ್ಟರನ್ನು ಮಾಡುವುದಿಲ್ಲ, ವ್ಯಾನನ್ನು ಮಾಡುವುದಿಲ್ಲ, ದೊಡ್ಡವ್ವನನ್ನಂತೂ ಇಲ್ಲ. ಮನೆಯಲ್ಲಿ ಹರಳೆಣ್ಣೆಯ ಭಾನುವಾರ ನಿಂತು ಎಷ್ಟೋ ಕಾಲವಾಯಿತು. ದೊಡ್ಡವ್ವ ಬೆಲ್ಲವಿಲ್ಲದ ಟೀ ಕುಡಿಯುತ್ತಾಳೆ, ಮಿಕ್ಕಿದ್ದನ್ನು ಹಸುವಿಗೆ ಹಾಕುತ್ತಾಳೆ, ನಾಲೆ ಏರಿಯ ಮೇಲೆ ನಿಧಾನ ನಡೆಯುತ್ತಾಳೆ. ಕುಡುಗೋಲು ಹಿಡಿಯುವುದಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ ಎನ್ನುವ ವಯಸ್ಸಾಗಿದೆ. ಸುಧಕ್ಕ ಮಾತ್ರ ಆ ಬೀಗರೂಟದಿಂದೀಚೆ ನನ್ನ ಯಾವ ಆಟಕ್ಕೂ ನಕ್ಕಿಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ, "ಅವ್ವಂಗ್ ಕೊಡು," ಅಷ್ಟೆ.

ಹೋದ ಅವರೆಕಾಯಿ ಕಾಲದಲ್ಲಿ ಸುಧಕ್ಕ ಮಗಳ ಜೊತೆ ಬಂದಿದ್ದಳು. ದೊಡ್ಡವ್ವ, ಸುಧಕ್ಕ, ನಾನು ಮೂವರೂ ಬೇಸಿನ್ನಿನ ಸುತ್ತ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಮಗು ನನ್ನ ಹೆಗಲಿಗೆ ಜೋತುಬಿತ್ತು: "ಮಾವಾ, ಅಜ್ಜಿ ತರ ಮಾತಾಡು ಮಾವಾ." ನಾನು, "ಅದೊಂದು ಬರಲ್ಲ ಕಣ್ ಕೂಸೆ," ಎಂದೆ.

ಸುಧಕ್ಕ ತಲೆಯೆತ್ತದೆ ಅಂದಳು:

"ಯಾಕ್ ಬರಲ್ಲ? ನನ್ ಬೀಗರೂಟದಲ್ಲಿ ಚೆನ್ನಾಗೇ ಬಂದಿತ್ತಲ್ಲ."

ಹೇಳಿಬಿಟ್ಟೆ. ಪುಡಿ ತಂದದ್ದು ನಾನು, ಒಂದಲ್ಲ ಮೂರು ಸಲ. ವ್ಯಾನಿನವನ ದನಿಯಲ್ಲಿ ನಂಬಿಸಿದ್ದು ನಾನು. ಹಳದಿ ಕಂಡಾಗ ಸಂತೋಷಪಡು ಎಂದದ್ದೂ ನಾನು. ಆಸ್ಪತ್ರೆಯಲ್ಲಿ ದೊಡ್ಡವ್ವ ಹೇಳಿದ್ದು ಸುಳ್ಳು. ಸುಧಕ್ಕನ ಕೈ ನಿಂತಿತು. ಅವಳು ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳು ಏನಾದರೂ ಅನ್ನಲಿ ಎಂದು ನಾನು ಇನ್ನೂ ಮುಂದುವರಿಸಿದೆ: ನಿನ್ನ ಬಾಣಂತನ ತಪ್ಪಿಸಿದವನು ನಾನೇ ಕಣಕ್ಕ, ದೊಡ್ಡವ್ವನ ಲಿವರ್ರು ತಿಂದವನು ನಾನೇ. ಎದೆ ಮುಟ್ಟಿಕೊಂಡೆ, ಕಣ್ಣಲ್ಲಿ ನೀರು ಬಂತು, ನಿಜವಾದ ನೀರೇ. ಆದರೂ ನನ್ನ ದನಿ ಎದೆಯಿಂದೆದ್ದು ಮೂಗಿನಲ್ಲಿ ಸಣ್ಣದೊಂದು ಸುತ್ತು ಹೊಡೆದದ್ದು ನನಗೇ ಕೇಳಿಸಿತು. ದೊಡ್ಡವ್ವನಿಗೂ ಕೇಳಿಸಿರಬೇಕು. ಜಗಲಿಯ ಮೇಲಿನ ಆಟ ನೋಡುವಂತೆ ಅಷ್ಟು ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದವಳು, ಒಂದು ಕಾಳನ್ನು ಹಿತುಕಿ ಬೇಳೆಯನ್ನು ಬೇಸಿನ್ನಿಗೂ ಸಿಪ್ಪೆಯನ್ನು ಪಕ್ಕಕ್ಕೂ ಹಾಕಿ ಹೇಳಿದಳು:

"ಸಾಕ್ ನಿಲ್ಸ್ಲಾ. ತಂದೋನು ನೀನೇ ಇರ್ಬೋದು, ಬಾಯಿಗೆ ಉಯ್ಕೊಂಡೋಳು ನಾನು. ಊರೋರ್ದೆಲ್ಲಾ ಆಡಿ ತೋರ್ಸಿದ್ದಾಯ್ತು, ನನ್ ತಪ್ಪೊಂದ್ನಾದ್ರೂ ನಂಗ್ ಬುಡು."